ಅಕ್ಕೋರನ್ನು ಕೇಳಿ: ಹವಳದ ಗೂಡಿನಲ್ಲಿ ಸಮುದ್ರದ ಲೆಕ್ಕ

ಹೋದ ಸಂಚಿಕೆಯಲ್ಲಿ ಥರ್ಮಾಮೀಟರ್ ಬಗ್ಗೆ ಬರೆಯುವಾಗ ಕೊನೆಗೆ ಒಂದು ಸಾಲು ಸೇರಿಸಿದ್ದೆ: ‘ಥರ್ಮಾಮೀಟರೇ ಇಲ್ಲದ ಕಾಲದಲ್ಲಿ ಸಮುದ್ರದ ನೀರು ಎಷ್ಟು ಬೆಚ್ಚಗಿತ್ತು ಅನ್ನೋದನ್ನು ಹವಳದ ಗೂಡು ಪರೀಕ್ಷೆ ಮಾಡಿ ಹೇಳುತ್ತಾರೆ.’ ಉಳಿದ ಲೇಖನದ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಪತ್ರಗಳೆಲ್ಲ ಆ ಒಂದು ಸಾಲಿನ ಮೇಲೇ ಬಂದಿವೆ. ವಿಜಯಪುರದಲ್ಲಿ ಕೂತು ಸಮುದ್ರದ ಮಾತಾಡೋದು ವಿಚಿತ್ರ ಅನ್ನಿಸಬಹುದು. ಆದರೆ ಹವಳ ಅಂದರೆ ಸುಣ್ಣದ ಗೂಡು ಕಟ್ಟಿಕೊಳ್ಳುವ ಪುಟ್ಟ ಸಮುದ್ರಪ್ರಾಣಿ, ಅಂದರೆ ಸುಣ್ಣದ ವ್ಯವಹಾರ. ಬೋರ್‌ವೆಲ್ ನೀರು ಕಾಯಿಸುವ ನಮಗೆ ಸುಣ್ಣ ಹೊಸದೇನಲ್ಲ. ಈ ಸಲದ ಪುಟ ಪೂರ್ತಿ ಹವಳಕ್ಕೇ ಬಿಟ್ಟಿದ್ದೇನೆ.

ಅಕ್ಕೋರೇ, ಜ್ಯೋತಿಷಿಗಳ ಮಾತು ಕೇಳಿ ನಮ್ಮ ಮನೆಯವರಿಗೆ ಹವಳದ ಉಂಗುರ ಮಾಡಿಸಿದ್ದೇವೆ. ಮಗ ‘ಅವ್ವಾ, ಅದು ಬರೀ ಸುಣ್ಣ’ ಅಂತ ನಗುತ್ತಾನೆ. ನಿಂಬೆರಸ ಹಾಕಿದರೆ ಅಸಲಿಯೋ ನಕಲಿಯೋ ಗೊತ್ತಾಗುತ್ತದಂತೆ. ಹೌದಾ? — ಜಮಖಂಡಿಯಿಂದ ಒಬ್ಬ ಗೃಹಿಣಿ

ಮಗ ಹೇಳಿದ್ದು ನಿಜ. ನಗೋದು ಮಾತ್ರ ಬೇಡ ಅನ್ನಿ. ಉಂಗುರದ ಕೆಂಪು ಹವಳವೂ ಕ್ಯಾಲ್ಸಿಯಂ ಕಾರ್ಬೊನೇಟೇ. ಅದರ ಜೊತೆ ಒಂದಿಷ್ಟು ಮೆಗ್ನೀಸಿಯಂ, ಕೆಂಪು ಬಣ್ಣಕ್ಕೆ ಸ್ವಲ್ಪ ಸಾವಯವ ವರ್ಣದ್ರವ್ಯ. ಈ ಕೆಂಪು ಹವಳದ ಹಳೆಯ ತವರು ಮೆಡಿಟರೇನಿಯನ್ ಸಮುದ್ರ. ಇಟಲಿಯ ನೇಪಲ್ಸ್ ಹತ್ತಿರದ ಟೊರ್ರೆ ಡೆಲ್ ಗ್ರೆಕೊ ಊರಿನವರು ಹವಳ ಕೊರೆದು ಆಭರಣ ಮಾಡುವುದರಲ್ಲಿ ಹೆಸರುವಾಸಿ. ದ್ವೀಪ ಕಟ್ಟುವ ಹವಳ ಬೇರೆ ಜಾತಿ. ಅದಕ್ಕೆ ಬಿಸಿಲು ಬೇಕು. ಕೆಂಪು ಹವಳ ಅರೆಗತ್ತಲಲ್ಲಿ, ಬಂಡೆಯ ಸಂದಿಯಲ್ಲಿ ಬೆಳೆಯುತ್ತದೆ. ಒಂದು ವರ್ಷಕ್ಕೆ ಅದರ ದಪ್ಪ ಒಂದು ಮಿಲಿಮೀಟರ್ ಕೂಡ ಹೆಚ್ಚುವುದಿಲ್ಲ.

ನಿಂಬೆರಸ ದಯವಿಟ್ಟು ಹಾಕಬೇಡಿ. ಹುಳಿ ತಾಗಿದರೆ ಸುಣ್ಣ ಕರಗಲೇಬೇಕು. ಅಸಲಿ ಹವಳದ ಹೊಳಪೇ ಮೊದಲು ಹೋಗುತ್ತದೆ. ಗಾಜು, ಪ್ಲಾಸ್ಟಿಕ್ ಆಗಿದ್ದರೆ ಏನೂ ಆಗುವುದಿಲ್ಲ, ಅದು ಸರಿ. ಆದರೆ ಬಣ್ಣ ಹಾಕಿದ ಬಿದಿರು ಹವಳ ಅಂತ ಬರುತ್ತದೆ. ಅದೂ ಸುಣ್ಣವೇ, ಅದೂ ಗುಳ್ಳೆ ಬಿಡುತ್ತದೆ. ಅಂದಮೇಲೆ ಈ ಪರೀಕ್ಷೆಯಲ್ಲಿ ಅಸಲಿಗೆ ಪೆಟ್ಟು, ನಕಲಿ ಪಾಸು.

ಮೇಡಂ, ಬಿಎಸ್ಸಿಯಲ್ಲಿ ಕ್ಯಾಲ್ಸೈಟ್ ಮತ್ತು ಅರಗೊನೈಟ್ ಎರಡರದ್ದೂ ಸೂತ್ರ ಒಂದೇ ಅಂತ ಓದಿದ್ದೇವೆ. ಹಾಗಿದ್ದರೆ ದ್ವೀಪದ ಹವಳ ಅರಗೊನೈಟನ್ನೇ ಯಾಕೆ ಕಟ್ಟಿಕೊಳ್ಳುತ್ತದೆ? — ಮುಧೋಳದ ವಿದ್ಯಾರ್ಥಿನಿ

ತಂಗಿ, ಕ್ಯಾಲ್ಸೈಟ್, ಅರಗೊನೈಟ್ ಎರಡೂ ಅದೇ ಕ್ಯಾಲ್ಸಿಯಂ ಕಾರ್ಬೊನೇಟಿನ ಎರಡು ಬಗೆಯ ಹರಳು. ನೀರು ಕಾಯಿಸುವ ರಾಡ್ ತೆಗೆದು ಬೆಳಕಿಗೆ ಹಿಡಿದು ನೋಡು. ಬಿಳೀ ಹಕ್ಕಳೆ ಕಟ್ಟಿರುತ್ತದೆ. ಉಗುರಿನಿಂದ ಕೆರೆದರೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಕೊಡದ ಅಂಚಿನಲ್ಲಿ ತಣ್ಣೀರು ಒಣಗಿ ಬಿಟ್ಟ ಕಲೆ ಹೆಚ್ಚಾಗಿ ಕ್ಯಾಲ್ಸೈಟ್. ಕುದಿಯುವ ನೀರಿನಲ್ಲಿ ಕಟ್ಟಿದ್ದರಲ್ಲಿ ಅರಗೊನೈಟೂ ಸೇರಿರುತ್ತದೆ. ನೀರು ಒಂದೇ, ಸುಣ್ಣ ಒಂದೇ, ಪರಿಸ್ಥಿತಿ ಬೇರೆ ಆದದ್ದಕ್ಕೆ ಹರಳು ಬೇರೆ ಆಯಿತು.

ಸಮುದ್ರ ಕುದಿಯುವುದಿಲ್ಲ. ಅಲ್ಲಿ ಕಾರಣ ಮೆಗ್ನೀಸಿಯಂ. ಈಗಿನ ಸಮುದ್ರದಲ್ಲಿ ಪರಮಾಣುಗಳ ಲೆಕ್ಕದಲ್ಲಿ ಒಂದು ಕ್ಯಾಲ್ಸಿಯಂ ಇದ್ದರೆ ಸುಮಾರು 5 ಮೆಗ್ನೀಸಿಯಂ ಇವೆ. ಕ್ಯಾಲ್ಸೈಟ್ ಹರಳು ಬೆಳೆಯಲು ಹೊರಟರೆ ಮೆಗ್ನೀಸಿಯಂ ಅಡ್ಡ ಬರುತ್ತದೆ. ಅರಗೊನೈಟಿಗೆ ಆ ಕಾಟ ಅಷ್ಟಿಲ್ಲ. ಆದ್ದರಿಂದ ಅದು ಮೇಲುಗೈ ಆಗುತ್ತದೆ.

ಆದರೆ ಸಮುದ್ರ ಯಾವಾಗಲೂ ಹೀಗೇ ಇರಲಿಲ್ಲ. ಸಮುದ್ರದ ತಳದಲ್ಲಿ ಬಿರುಕು ಬಿಟ್ಟು ಹೊಸ ನೆಲ ಹುಟ್ಟುವ ಕಡೆ ಬಿಸಿ ಬಂಡೆಯ ಮೂಲಕ ನೀರು ಹಾಯುತ್ತದೆ. ಹಾಯುವಾಗ ಮೆಗ್ನೀಸಿಯಂ ಬಂಡೆಗೆ ಹೋಗುತ್ತದೆ, ಕ್ಯಾಲ್ಸಿಯಂ ನೀರಿಗೆ ಬರುತ್ತದೆ. ಕ್ರಿಟೇಶಿಯಸ್ ಕಾಲದಲ್ಲಿ, ಅಂದರೆ ನಮ್ಮ ಎರೆಮಣ್ಣಿನ ಕೆಳಗಿರುವ ಲಾವಾ ಕಲ್ಲು ಹುಟ್ಟುವುದಕ್ಕೂ ಮೊದಲು, ಈ ಕೆಲಸ ಜೋರಾಗಿ ನಡೆದಿತ್ತು. ಆಗ ಸಮುದ್ರದಲ್ಲಿ ಮೆಗ್ನೀಸಿಯಂ ಪ್ರಮಾಣ ಈಗಿನದಕ್ಕಿಂತ ಬಹಳ ಕಡಿಮೆ ಇತ್ತು. 2006ರಲ್ಲಿ ಜಸ್ಟಿನ್ ರೀಸ್ ಮತ್ತು ಸಂಗಡಿಗರು ಒಂದು ಚೆಂದದ ಪ್ರಯೋಗ ಪ್ರಕಟಿಸಿದರು. ಆ ಕಾಲದ ಸಮುದ್ರದಂಥ ನೀರನ್ನು ತೊಟ್ಟಿಯಲ್ಲಿ ತಾವೇ ಬೆರೆಸಿ, ಅದರಲ್ಲಿ ಈಗಿನ ಹವಳ ಬೆಳೆಸಿದರು. ಲಕ್ಷಾಂತರ ವರ್ಷಗಳಿಂದ ಅರಗೊನೈಟ್ ಕಟ್ಟುತ್ತಾ ಬಂದ ಜಾತಿಗಳು ಗೂಡಿನ ಒಂದು ಭಾಗವನ್ನು ಕ್ಯಾಲ್ಸೈಟಾಗಿ ಕಟ್ಟಿದವು. ಬೆಳವಣಿಗೆಯೂ ನಿಧಾನವಾಯಿತು.

ಇಲ್ಲಿ ಇನ್ನೊಂದು ಮಾತು ಗಮನಿಸು. ಅರಗೊನೈಟಿನಲ್ಲಿ ಪ್ರತಿ ಕ್ಯಾಲ್ಸಿಯಂ ಸುತ್ತ 9 ಆಮ್ಲಜನಕ ಇರುತ್ತವೆ, ಕ್ಯಾಲ್ಸೈಟಿನಲ್ಲಿ 6. ಅರಗೊನೈಟಿನ ಮನೆ ದೊಡ್ಡದು. ನಮ್ಮ ಟಂಟಂನವರು ಎಷ್ಟೇ ದಪ್ಪಗಿದ್ದವರಿಗೂ ‘ಬರ್ರಿ, ಜಾಗ ಐತಿ’ ಅನ್ನುತ್ತಾರಲ್ಲ, ಹಾಗೆ ಇದು ಕ್ಯಾಲ್ಸಿಯಂಗಿಂತ ದಪ್ಪಗಿರುವ ಸ್ಟ್ರಾನ್ಷಿಯಂ, ಬೇರಿಯಂ ಅನ್ನೋ ಲೋಹಗಳಿಗೂ ಜಾಗ ಕೊಡುತ್ತದೆ. ಮುಂದಿನ ಉತ್ತರಕ್ಕೆ ಇದೇ ಆಧಾರ.

ನಾನು ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ‘ಹವಳ ನೋಡಿ ಬಿಸಿ ಹೇಳುತ್ತಾರೆ’ ಅಂದರೆ ಸಾಲದು. ಯಾವ ಅಂಕಿ, ಎಲ್ಲಿಂದ ಬಂತು, ಬಿಡಿಸಿ ಹೇಳಿ. — ಚಿಕ್ಕೋಡಿ

ನಿಮ್ಮಂಥವರ ಪತ್ರ ಬಂದರೆ ನನಗೆ ಖುಷಿ. ಅಂಕಿಯಿಂದಲೇ ಶುರು ಮಾಡೋಣ.

ಪೊರೈಟಿಸ್ ಅನ್ನೋ ಹವಳ ಗುಂಡು ಬಂಡೆಯಾಗಿ ಬೆಳೆಯುತ್ತದೆ. ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್. ಕೆಲವು ಬಂಡೆಗಳಿಗೆ ನೂರಾರು ವರ್ಷ ವಯಸ್ಸು. ಜೀವ ಇರುವುದು ಹೊರಗಿನ ತೆಳು ಪದರದಲ್ಲಿ ಮಾತ್ರ. ಒಳಗಿರುವುದೆಲ್ಲ ಬಿಟ್ಟು ಬಂದ ಹಳೇ ಗೂಡು. ಮುಳುಗುಗಾರರು ನೀರೊಳಗೇ ಡ್ರಿಲ್ ಹಿಡಿದು, ಬಂಡೆಯ ನೆತ್ತಿಯಿಂದ ಕೆಳಕ್ಕೆ ಕಂಬದಂಥ ತುಂಡು ತೆಗೆಯುತ್ತಾರೆ. ತೂತಿಗೆ ಸಿಮೆಂಟಿನ ಬಿರಡೆ ಹಾಕಿ ಮುಚ್ಚಿದರೆ ಹವಳ ಅದರ ಮೇಲೆ ಮತ್ತೆ ಹಬ್ಬುತ್ತದೆ.

ಆ ಕಂಬವನ್ನು ಉದ್ದಕ್ಕೆ ಸೀಳಿ, ಬಿಲ್ಲೆ ಮಾಡಿ, ಎಕ್ಸ್‌ರೇ ತೆಗೆಯುತ್ತಾರೆ. ಬರಿಗಣ್ಣಿಗೆ ಕಾಣದ ಪಟ್ಟಿಗಳು ಅದರಲ್ಲಿ ಕಾಣುತ್ತವೆ. ಒಂದು ಒತ್ತಾಗಿ, ಒಂದು ವಿರಳವಾಗಿ. ಒಂದು ಜೋಡಿ ಅಂದರೆ ಒಂದು ವರ್ಷ. ಇದು ವರ್ಷವೇ ಅಂತ ಹೇಗೆ ಗೊತ್ತು ಅಂತ ನೀವು ಕೇಳೇ ಕೇಳುತ್ತೀರಿ. ಅದಕ್ಕೆ ಸಾಕ್ಷಿ ಸಿಕ್ಕಿದ್ದು ಒಂದು ಕೆಟ್ಟ ಕೆಲಸದಿಂದ. ಶಾಂತಸಾಗರದ ಎನಿವೆಟಾಕ್ ದ್ವೀಪದಲ್ಲಿ ಅಮೆರಿಕ 1948ರಿಂದ 1958ರವರೆಗೆ ಅಣುಬಾಂಬ್ ಪರೀಕ್ಷೆ ಮಾಡಿತ್ತು. ಅಲ್ಲಿನ ಹವಳದ ಬಿಲ್ಲೆಯನ್ನು ಫೋಟೋ ಫಿಲಂ ಮೇಲೆ ಇಟ್ಟರೆ, ವಿಕಿರಣ ಸೇರಿದ ಪಟ್ಟಿಗಳು ಕಪ್ಪಗೆ ಮೂಡಿದವು. ಪರೀಕ್ಷೆ ನಡೆದ ವರ್ಷಗಳಿಗೂ ಪಟ್ಟಿಯ ಎಣಿಕೆಗೂ ತಾಳೆಯಾಯಿತು. ಇದು 1972ರಲ್ಲಿ ಪ್ರಕಟವಾಯಿತು. ಅಲ್ಲಿಂದ ಹವಳಕ್ಕೆ ತಾರೀಖು ಹಾಕುವ ಕೆಲಸಕ್ಕೆ ಗಟ್ಟಿ ನೆಲ ಸಿಕ್ಕಿತು.

ತಾರೀಖು ಆಯಿತು, ಇನ್ನು ಬಿಸಿ. ಬೆಳವಣಿಗೆಯ ದಾರಿ ಹಿಡಿದು, ಮಿಲಿಮೀಟರಿಗೂ ಕಡಿಮೆ ಅಂತರದಲ್ಲಿ, ಸಣ್ಣ ಡ್ರಿಲ್ಲಿನಿಂದ ಪುಡಿ ಕೆರೆಯುತ್ತಾರೆ. ಒಂದು ಚಿಟಿಕೆ ಪುಡಿಯಲ್ಲಿ ಸುಮಾರು ಒಂದು ತಿಂಗಳ ಸಮುದ್ರ ಇರುತ್ತದೆ. ಅದರಲ್ಲಿ ಕ್ಯಾಲ್ಸಿಯಂ ಎಷ್ಟು, ಸ್ಟ್ರಾನ್ಷಿಯಂ ಎಷ್ಟು ಅಂತ ನೋಡುತ್ತಾರೆ. ಬೆಚ್ಚಗಿನ ಸಮುದ್ರದ ಪೊರೈಟಿಸ್‌ನಲ್ಲಿ ಒಂದು ಲಕ್ಷ ಕ್ಯಾಲ್ಸಿಯಂ ಪರಮಾಣುಗಳಿಗೆ ಸುಮಾರು 900 ಸ್ಟ್ರಾನ್ಷಿಯಂ ಇರುತ್ತವೆ. ನೀರು 1 ಡಿಗ್ರಿ ಬೆಚ್ಚಗಾದರೆ ಆ 900ರಲ್ಲಿ ಹೆಚ್ಚು ಕಡಿಮೆ 6 ಕಳೆಯಿರಿ. ಬಿಸಿ ಹೆಚ್ಚಾದಷ್ಟೂ ಅರಗೊನೈಟ್ ಸ್ಟ್ರಾನ್ಷಿಯಂ ಸೇರಿಸಿಕೊಳ್ಳುವುದು ಕಡಿಮೆ. ಅಷ್ಟೇ ಲೆಕ್ಕ.

900ರಲ್ಲಿ 6! ಲಕ್ಷದ ಲೆಕ್ಕದಲ್ಲಿ ಆರು ಪೈಸೆ ಹುಡುಕಿದವರಿಗೆ ಇದರ ಕಷ್ಟ ಗೊತ್ತು. 1970ರ ದಶಕದಲ್ಲೇ ಈ ಸಂಬಂಧ ಕಂಡಿತ್ತು. ಆದರೆ ಇದನ್ನು ನಂಬಿ ಬಳಸುವಷ್ಟು ನಿಖರವಾಗಿ ಅಳೆದು ತೋರಿಸಿದ್ದು 1992ರಲ್ಲಿ, ವಾರೆನ್ ಬೆಕ್ ಮತ್ತು ಸಂಗಡಿಗರು. ಸ್ಟ್ರಾನ್ಷಿಯಂನ ಒಂದು ಅನುಕೂಲ ಏನೆಂದರೆ ಅದು ಸಮುದ್ರದಲ್ಲಿ ಲಕ್ಷಗಟ್ಟಲೆ ವರ್ಷ ಉಳಿಯುತ್ತದೆ. ನೀರಿನಲ್ಲೇ ಪ್ರಮಾಣ ಏರಿಳಿತ ಆಯಿತೇನೋ ಅನ್ನೋ ಅನುಮಾನ ಕೆಲವು ನೂರು ವರ್ಷದ ಲೆಕ್ಕದಲ್ಲಿ ಅಷ್ಟಾಗಿ ಬರುವುದಿಲ್ಲ.

ಎರಡನೇ ಖಾತೆ ಆಮ್ಲಜನಕದ್ದು. ಆಮ್ಲಜನಕದ ಪರಮಾಣುಗಳಲ್ಲಿ ತೂಕದ ಲೆಕ್ಕಕ್ಕೆ ಹಗುರದ್ದು 16, ಭಾರದ್ದು 18. ನೀರು ಬೆಚ್ಚಗಾದರೆ ಗೂಡಿನಲ್ಲಿ ಭಾರದ್ದರ ಪಾಲು ಇಳಿಯುತ್ತದೆ, ಒಂದು ಡಿಗ್ರಿಗೆ ಸಾವಿರದಲ್ಲಿ 0.2ರಷ್ಟು. ಆದರೆ ಜೋರು ಮಳೆ ಬಿದ್ದರೂ ಇಳಿಯುತ್ತದೆ, ಯಾಕೆಂದರೆ ಮಳೆನೀರಿನಲ್ಲಿ ಭಾರದ್ದು ಕಡಿಮೆ. ನೀರು ಆವಿಯಾದರೆ ಏರುತ್ತದೆ. ಅಂದರೆ ಒಂದೇ ಖಾತೆಯಲ್ಲಿ ಬಿಸಿಯೂ ಮಳೆಯೂ ಕೂಡಿಕೊಂಡಿವೆ. ಸ್ಟ್ರಾನ್ಷಿಯಂನಿಂದ ಬಿಸಿಯ ಬಾಬ್ತು ತಿಳಿದು, ಅದನ್ನು ಇಲ್ಲಿ ಕಳೆದರೆ ಉಳಿದದ್ದು ಮಳೆ ಮತ್ತು ಉಪ್ಪಿನ ಬಾಬ್ತು. ನಿಮಗೆ ಇದು ಸಲೀಸು ಅಲ್ವಾ?

ಒಂದೇ ಕಡೆ ಬೆಳೆದ ಎರಡು ಹವಳಗಳು ಬೇರೆ ಬೇರೆ ಅಂಕಿ ಕೊಡುತ್ತವೆ ಅಂತ ಓದಿದ್ದೇನೆ. ಹಾಗಾದರೆ ಇದೆಲ್ಲ ಅಂದಾಜಿನ ಮಾತೇ ತಾನೆ? — ಬೆಳಗಾವಿಯಿಂದ ಒಬ್ಬ ಹೈಸ್ಕೂಲ್ ಮಾಸ್ತರು

ಸರ್, ಓದಿದ್ದು ಸರಿ. ‘ಅಂದಾಜು’ ಅನ್ನೋದಕ್ಕೆ ನಾನು ಒಪ್ಪುವುದಿಲ್ಲ. ಹವಳ ಸಮುದ್ರದ ಅಚ್ಚು ಅಲ್ಲ. ಅದು ಪ್ರಾಣಿ, ಅದಕ್ಕೊಂದು ಹೊಟ್ಟೆಪಾಡಿದೆ. ಪತ್ರಿಕೆಗಳಲ್ಲಿ ‘ಹವಳವೆಂಬ ಥರ್ಮಾಮೀಟರ್’ ಅಂತ ಬರೆದು ಮುಗಿಸುತ್ತಾರೆ. ಪ್ರಾಣಿಯ ಮಾತು ಎತ್ತದೆ ಇದರ ರಸಾಯನಶಾಸ್ತ್ರ ಹೇಳಲು ಬರುವುದಿಲ್ಲ.

ಹವಳದ ಮೈಗೂ ಅದರ ಗೂಡಿಗೂ ನಡುವೆ ತೀರಾ ತೆಳುವಾದ ಒಂದು ಸಂದಿ ಇದೆ. ಸಮುದ್ರದ ನೀರು ಅಲ್ಲಿಗೆ ಇಳಿಯುತ್ತದೆ. ಆದರೆ ಹಾಗೇ ಉಳಿಯುವುದಿಲ್ಲ. ಹವಳ ತನ್ನ ಶಕ್ತಿ ಖರ್ಚು ಮಾಡಿ ಅಲ್ಲಿಗೆ ಕ್ಯಾಲ್ಸಿಯಂ ಪಂಪ್ ಮಾಡುತ್ತದೆ, ಹುಳಿ ಕೊಡುವ ಹೈಡ್ರೋಜನ್ ಅಯಾನುಗಳನ್ನು ಹೊರಗೆ ಹಾಕುತ್ತದೆ. ಅದರಿಂದ ಸಂದಿಯೊಳಗಿನ ಪಿಎಚ್ (ಹುಳಿ, ಕ್ಷಾರದ ಅಳತೆ; ಹುಳಿ ಕಡಿಮೆಯಾದಷ್ಟೂ ಅಂಕಿ ಹೆಚ್ಚು) ಹೊರಗಿನ ಸಮುದ್ರಕ್ಕಿಂತ ಮೇಲೇರುತ್ತದೆ. ಆಗ ಹರಳು ಬೇಗ ಕೂರುತ್ತದೆ. ಪಂಪಿಗೆ ಬೇಕಾದ ಶಕ್ತಿಯ ದೊಡ್ಡ ಪಾಲು ಬರುವುದು ಹವಳದ ಮೈಯೊಳಗಿರುವ ಪಾಚಿಯಿಂದ, ಅಂದರೆ ಬಿಸಿಲಿನಿಂದ. ಜಾತಿ ಬೇರೆಯಾದರೆ, ಬೆಳೆಯುವ ವೇಗ ಬೇರೆಯಾದರೆ, ನೆರಳು ಬಿಸಿಲು ಬೇರೆಯಾದರೆ ಸಂದಿಯ ನೀರೂ ಬೇರೆ. ಪಕ್ಕಪಕ್ಕದ ಎರಡು ಹವಳಗಳ ಅಂಕಿ ಬೇರೆಯಾಗುವುದು ಇದರಿಂದಲೇ.

ಅದಕ್ಕೇ ಒಳ್ಳೆಯ ಪ್ರಯೋಗಾಲಯದವರು ಪುಸ್ತಕದ ಸೂತ್ರ ತಂದು ಸುಮ್ನೆ ಅಂಟಿಸುವುದಿಲ್ಲ. ಅದೇ ಜಾಗದಲ್ಲಿ ಥರ್ಮಾಮೀಟರ್ ದಾಖಲೆ ಇರುವ ವರ್ಷಗಳನ್ನು ಹಿಡಿದು ಆ ಹವಳಕ್ಕೇ ಒಂದು ಹೊಂದಾಣಿಕೆ ಮಾಡುತ್ತಾರೆ. ಒಂದರ ಬದಲು ಹಲವು ಬಂಡೆ ಕೊರೆಯುತ್ತಾರೆ. ‘ಆಗ 26.3 ಡಿಗ್ರಿ ಇತ್ತು’ ಅನ್ನೋದಕ್ಕಿಂತ ‘ಈ ಕಾಲಕ್ಕಿಂತ ಆ ಕಾಲ ಇಷ್ಟು ತಣ್ಣಗಿತ್ತು’ ಅನ್ನೋದನ್ನು ಜಾಸ್ತಿ ನಂಬುತ್ತಾರೆ. ಬಿಸಿ ಮಿತಿಮೀರಿ ಹವಳ ಬೆಳ್ಳಗಾದ ವರ್ಷ ಇನ್ನೂ ತೊಡಕು. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಹಾಗಾಯಿತು. ಪಾಚಿ ಬಿಟ್ಟುಹೋದ ಹವಳಕ್ಕೆ ಪಂಪ್ ಓಡಿಸಲು ತ್ರಾಣ ಇರುವುದಿಲ್ಲ. ಗೂಡಿನ ಬೆಳವಣಿಗೆ ಕುಂಟುತ್ತದೆ ಅಥವಾ ನಿಲ್ಲುತ್ತದೆ. ಯಾವ ತಿಂಗಳು ಅತಿ ಬಿಸಿ ಇತ್ತೋ ಆ ತಿಂಗಳ ಬರಹವೇ ಕೆಡುತ್ತದೆ. ಇದು ತಿಳಿಯದೆ ಓದಿದರೆ ಲೆಕ್ಕ ತಪ್ಪುತ್ತದೆ, ತಿಳಿದು ಓದಿದರೆ ಆ ಕೆಟ್ಟ ಜಾಗವೇ ಸುದ್ದಿ.

ಡೋಣಿ ದಂಡೆಯ ರೈತ ನಾನು. ಬಿಸಿ ಬಿಡಿ, ನಮಗೆ ಬೇಕಾದ್ದು ಮಳೆ. ಮಳೆ, ಪ್ರವಾಹ ಎಲ್ಲ ಹವಳದಲ್ಲಿ ಸಿಗುತ್ತದಾ? — ವಿಜಯಪುರ ಜಿಲ್ಲೆ

ಸಿಗುತ್ತದೆ ಕಾಕಾ. ಮುಂಗಾರು ಮೊದಲು. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು ಸುಡುವಾಗ ಲಕ್ಷದ್ವೀಪದ ಸಮುದ್ರವೂ ವರ್ಷದಲ್ಲೇ ಹೆಚ್ಚು ಬೆಚ್ಚಗಿರುತ್ತದೆ. ಮುಂಗಾರು ಗಾಳಿ ಬಿದ್ದಮೇಲೆ ಇಲ್ಲೂ ತಂಪು, ಅಲ್ಲೂ ನೀರು ತಣ್ಣಗಾಗುತ್ತದೆ. ಕವರತ್ತಿಯ ಹವಳದ ಆಮ್ಲಜನಕದಲ್ಲಿ ಈ ಮುಂಗಾರಿನ ತಂಪು ಮೂಡಿರುವುದನ್ನು ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದ ಚಕ್ರವರ್ತಿ ಮತ್ತು ರಮೇಶ್ 1990ರ ದಶಕದಲ್ಲೇ ತೋರಿಸಿದರು. ನೀವು ಬಿತ್ತನೆಗೆ ಕಾಯುವ ಮುಂಗಾರೇ ಅದು.

ಪ್ರವಾಹದ ಗುರುತು ಬೇರಿಯಂ. ಹೊಳೆಯ ಮಣ್ಣಿನ ಕಣಕ್ಕೆ ಬೇರಿಯಂ ಅಂಟಿಕೊಂಡಿರುತ್ತದೆ. ಸಿಹಿನೀರಿನಲ್ಲಿ ಇರುವ ತನಕ ಬಿಡುವುದಿಲ್ಲ. ಉಪ್ಪುನೀರು ತಾಗಿದ ಕೂಡಲೇ ಕಳಚಿ ನೀರಿಗೆ ಸೇರುತ್ತದೆ, ಅಲ್ಲಿಂದ ಹವಳದ ಗೂಡಿಗೆ. ಆಸ್ಟ್ರೇಲಿಯಾದ ಬರ್ಡೆಕಿನ್ ನದಿಯ ಕೆಂಪುನೀರು ಮುಟ್ಟುವ ಹವಳಗಳಲ್ಲಿ ಇದನ್ನು ಅಳೆದು, 2003ರಲ್ಲಿ ಮಾಲ್ಕಮ್ ಮೆಕಲಕ್ ತಂಡ ಪ್ರಕಟಿಸಿತು. 1870ರ ಸುಮಾರಿನ ತನಕ ಪ್ರವಾಹ ಬಂದರೂ ಬೇರಿಯಂ ಅಷ್ಟೇನೂ ಏರಿಲ್ಲ. ಆಮೇಲೆ ಪ್ರತಿ ಪ್ರವಾಹಕ್ಕೂ ಎದ್ದು ಕಾಣುವ ಹಾಗೆ ಏರಿದೆ. ಸಮುದ್ರಕ್ಕೆ ಹೋಗುವ ಮಣ್ಣು ಐದರಿಂದ ಹತ್ತು ಪಟ್ಟು ಆಯಿತು ಅನ್ನೋದು ಅವರ ಲೆಕ್ಕ. ಆಗ ಏನಾಗಿತ್ತು ಅಂದರೆ, ಯುರೋಪಿನಿಂದ ಬಂದವರು ಗಿಡ ಕಡಿದು ಆ ನೆಲದಲ್ಲಿ ದನ ಕುರಿ ಮೇಯಿಸಲು ಶುರು ಮಾಡಿದ್ದರು. ಮಳೆ ಅದೇ, ನೆಲ ಸಡಿಲವಾಗಿತ್ತು. ಬದು ಹಾಕಿದ ಹೊಲಕ್ಕೂ ಹಾಕದ ಹೊಲಕ್ಕೂ ವ್ಯತ್ಯಾಸ ನಿಮಗೆ ನಾನು ಹೇಳಬೇಕಾಗಿಲ್ಲ.

ಡೋಣಿಯ ನೀರು ಕೃಷ್ಣೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅಲ್ಲಿ ಕೃಷ್ಣೆಯ ಬಾಯಲ್ಲಿ ಹವಳದ ದಿಬ್ಬ ಇಲ್ಲ. ಅಷ್ಟು ಕೆಸರು, ಸಿಹಿನೀರು ಹವಳಕ್ಕೆ ಆಗಿಬರುವುದಿಲ್ಲ. ನಮ್ಮ ಪ್ರವಾಹದ ಲೆಕ್ಕ ಬರೆದಿಡುವ ಹವಳ ಅಲ್ಲಿ ಸಿಗುವುದಿಲ್ಲ, ಏನು ಮಾಡೋದು!

ಸಮುದ್ರ ಹುಳಿಯಾಗುತ್ತಿದೆ ಅಂತಾರೆ. ಹವಳ ನಿಂಬೆರಸ ಹಾಕಿದ ಹಾಗೆ ಕರಗಿಹೋಗುತ್ತದಾ? — ಗೋಕಾಕ

ಅಷ್ಟು ಹೆದರಬೇಡಿ. ಸಮುದ್ರ ಈಗಲೂ ಕ್ಷಾರವೇ. ಕಾರ್ಖಾನೆಗಳ ಕಾಲಕ್ಕೆ ಮೊದಲು ಪಿಎಚ್ 8.2 ಇತ್ತು, ಈಗ ಸುಮಾರು 8.1. ಕೇಳಲು ಸಣ್ಣದು. ಆದರೆ ಪಿಎಚ್ ಲೆಕ್ಕ ಹತ್ತರ ಪಟ್ಟಿನದ್ದು, ಹೈಡ್ರೋಜನ್ ಅಯಾನು ಕಾಲುಭಾಗಕ್ಕೂ ಜಾಸ್ತಿ ಹೆಚ್ಚಿದೆ. ಇದರಿಂದ ಕಟ್ಟಲು ಬೇಕಾದ ಕಾರ್ಬೊನೇಟ್ ನೀರಿನಲ್ಲಿ ಕಡಿಮೆಯಾಗುತ್ತದೆ, ಹವಳ ಪಂಪಿಗೆ ಹೆಚ್ಚು ದುಡಿಯಬೇಕಾಗುತ್ತದೆ. ಗೂಡಿನಲ್ಲಿರುವ ಬೋರಾನ್‌ನ ಎರಡು ಬಗೆಗಳ ಪಾಲು ನೋಡಿದರೆ ಆ ಸಂದಿಯ ಪಿಎಚ್ ಎಷ್ಟಿತ್ತು ಅಂತಲೂ ತಿಳಿಯುತ್ತದೆ.

ಕಡಲತೀರದ ಅಂಗಡಿಯಲ್ಲಿ ಬಿಳಿ ಹವಳದ ತುಂಡು ಕೊಂಡು ಶೋಕೇಸಿನಲ್ಲಿ ಇಟ್ಟಿದ್ದೇನೆ. ತಪ್ಪಾ? — ನಿಪ್ಪಾಣಿ

ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಹುಲಿಯೂ ಅದೇ ಪಟ್ಟಿಯಲ್ಲಿದೆ. ಮಾರುವುದೂ ಕೊಳ್ಳುವುದೂ ಅಪರಾಧ. ಅರಣ್ಯ ಇಲಾಖೆಯವರನ್ನು ಕೇಳಿ ಒಪ್ಪಿಸುವುದು ಒಳ್ಳೇದು. ಹವಳ ನೋಡುವ ಆಸೆ ಇದ್ದರೆ ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ. ನಮ್ಮ ರಾಜ್ಯದಲ್ಲೇ ಇದೆ.

ಅಕ್ಕೋರೇ, ನಾನು 9ನೇ ಇಯತ್ತೆ. ನಮ್ಮೂರಿನ ಕಲ್ಲಿನಲ್ಲಿ ಕಮಾನು ಕಮಾನಾಗಿ ಗೆರೆಗಳಿವೆ. ಇದು ಹಳೇ ಹವಳ ಅಂತ ಗೆಳೆಯ ಹೇಳುತ್ತಾನೆ. ಗೆರೆ ಎಣಿಸಿದರೆ ವರ್ಷ ಸಿಗುತ್ತದಾ? — ಕಲಾದಗಿ

ತಮ್ಮಾ, ನಿಮ್ಮೂರಿನ ಹೆಸರೇ ಆ ಕಲ್ಲುಗಳಿಗೆ ಇದೆ. ಭೂವಿಜ್ಞಾನದ ಪುಸ್ತಕದಲ್ಲಿ ‘ಕಲಾದಗಿ’ ಅಂದರೆ ಬಾಗಲಕೋಟೆ, ಲೋಕಾಪುರ ಕಡೆಯ ಹಳೇ ಸುಣ್ಣಕಲ್ಲು, ಮರಳುಗಲ್ಲುಗಳ ಗುಂಪು. ನೀನು ನೋಡಿದ್ದು ಹವಳ ಅಲ್ಲ, ಸ್ಟ್ರೊಮ್ಯಾಟೊಲೈಟ್ ಇರಬೇಕು. ನೂರು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ತಿಳಿ ಸಮುದ್ರ ಇದ್ದಾಗ ಕಣ್ಣಿಗೆ ಕಾಣದ ಜೀವಿಗಳು ಲೋಳೆ ಹಾಸಿನ ಮೇಲೆ ಸುಣ್ಣದ ಕಣ ಹಿಡಿದು ಪದರ ಪದರ ಕಟ್ಟಿದವು. ಹವಳ ಆಗ ಇನ್ನೂ ಹುಟ್ಟಿರಲೇ ಇಲ್ಲ. ಆ ಗೆರೆಗಳನ್ನು ವರ್ಷ ಅಂತ ಎಣಿಸಬೇಡ. ಒಂದು ಪದರಕ್ಕೆ ಎಷ್ಟು ದಿನ ಹಿಡಿಯಿತು ಅನ್ನೋದಕ್ಕೆ ಅಲ್ಲಿ ಆಧಾರ ಇಲ್ಲ.

ಎಣಿಸಿದರೆ ಸಿಗುವ ಹಳೇ ಹವಳ ಬೇರೆ ಇದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜಾನ್ ವೆಲ್ಸ್ 1963ರಲ್ಲಿ ಹೆಚ್ಚು ಕಡಿಮೆ 38 ಕೋಟಿ ವರ್ಷ ಹಳೆಯ ಹವಳದ ಮೇಲಿನ ಕೂದಲೆಳೆಯಂಥ ಗೆರೆ ಎಣಿಸಿದರು. ಒಂದು ವರ್ಷದ ಪಟ್ಟಿಯಲ್ಲಿ 365 ಅಲ್ಲ, 400ರ ಆಸುಪಾಸು ಗೆರೆ ಇದ್ದವು. ಒಂದು ಗೆರೆ ಒಂದು ದಿನದ ಬೆಳವಣಿಗೆ. ಚಂದ್ರ ಎಳೆಯುವ ಉಬ್ಬರವಿಳಿತದಿಂದ ಭೂಮಿ ತಿರುಗುವ ವೇಗ ತಗ್ಗುತ್ತಾ ಬಂದಿದೆ. ಆಗ ಬೇಗ ತಿರುಗುತ್ತಿತ್ತು, ಆದ್ದರಿಂದ ವರ್ಷಕ್ಕೆ ದಿನ ಜಾಸ್ತಿ. ಒಂದು ದಿನಕ್ಕೆ ಎಷ್ಟು ತಾಸು ಇತ್ತು ಅನ್ನೋದನ್ನು ನೀನೇ ಭಾಗಿಸು. ವರ್ಷದ ಒಟ್ಟು ತಾಸು 8,766 ಅಂತ ಹಿಡಿ.

ನಿನ್ನ ಕಲ್ಲಿಗೆ ಒಂದು ಪರೀಕ್ಷೆ ಇದೆ, ಶಾಲೆಯಲ್ಲಿ ಸರ್ ಮುಂದೆಯೇ ಮಾಡಬೇಕು. ನೀರು ಬೆರೆಸಿ ತೆಳುಮಾಡಿದ ಹೈಡ್ರೋಕ್ಲೋರಿಕ್ ಆಮ್ಲ ಒಂದು ಹನಿ ಹಾಕಲಿ. ಬುಸುಗುಟ್ಟಿ ನೊರೆ ಬಂದರೆ ಸುಣ್ಣಕಲ್ಲು. ಸುಮ್ಮನಿದ್ದರೆ ಕಲ್ಲನ್ನು ಸ್ವಲ್ಪ ಪುಡಿ ಮಾಡಿ ಮತ್ತೆ ಹಾಕಲಿ. ಆಗ ನಿಧಾನಕ್ಕೆ ಗುಳ್ಳೆ ಎದ್ದರೆ ಮೆಗ್ನೀಸಿಯಂ ಸೇರಿದ ಡಾಲಮೈಟ್. ಪುಡಿಗೂ ಏನೂ ಆಗದಿದ್ದರೆ ಅದು ಸುಣ್ಣವೇ ಅಲ್ಲ, ಸಿಲಿಕಾ ಇರಬಹುದು. ಮೂರರಲ್ಲಿ ಯಾವುದಾಯಿತು ಅಂತ ಬರೆದು ಕಳಿಸು, ಕಲ್ಲು ಎಲ್ಲಿ ಸಿಕ್ಕಿತು ಅನ್ನೋದನ್ನೂ ಬರಿ.